ಯಾಂಕೋದ ಹಾಸ್ಟೆಲ್ ಶಾಲೆ: ಗೆಳೆಯನಿಗೊಂದು ಪತ್ರ

ಪ್ರಿಯ ಮಂಜು,

ವಸತಿ ಶಾಲೆಯಲ್ಲಿ ಮೇಷ್ಟ್ರಾಗಿರುವ ನಿನಗೆ ಯಾಂಕೋ ಕೃಷಿ ಪ್ರೌಢಶಾಲೆಯ ಕಥೆ ಹೇಳಲೇಬೇಕು. ಅದು ಇರುವುದು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ, ಸಿಡ್ನಿಯಿಂದ ಸುಮಾರು 550 ಕಿ.ಮೀ. ದೂರದ ಲೀಟನ್ ಪಟ್ಟಣದ ಪಕ್ಕ. ಸರ್ಕಾರಿ ಶಾಲೆ, ಜೊತೆಗೆ ಹಾಸ್ಟೆಲ್. ಆ ದೇಶದಲ್ಲಿ ಇವೆರಡೂ ಒಟ್ಟಿಗೆ ಸಿಗುವುದು ಅಪರೂಪ.

ಶಾಲೆಯ ನಡುಮನೆಯೇ ಸ್ಯಾಮ್ಯುಯೆಲ್ ಮೆಕಾಹಿ ಎಂಬ ಕುರಿ ಸಾಹುಕಾರನ ಬಂಗಲೆ. ಐರ್ಲೆಂಡಿನಿಂದ ಬಂದ ಆತ ಮುರಂಬಿಜಿ ನದಿಯ ನೀರಿಗೆ ಸುಮಾರು 320 ಕಿ.ಮೀ. ಕಾಲುವೆ ತೋಡಿಸಿ ಒಣನೆಲದಲ್ಲಿ ಬೆಳೆ ತೆಗೆದ. ಅದನ್ನು ಕಂಡ ಮೇಲೆ ಸರ್ಕಾರಕ್ಕೂ ಧೈರ್ಯ ಬಂತು. ಬರಿಂಜಕ್ ಅಣೆಕಟ್ಟಿನ ಕೆಲಸ ಹಿಡಿದರು, 1912ರಲ್ಲಿ ನೀರು ಬಿಟ್ಟರು, ಲೀಟನ್ ಊರಾಯಿತು. ಈಗ ಅದು ಭತ್ತದ ಸೀಮೆ. ಮದುವೆಯಾಗದ ಮೆಕಾಹಿ 1919ರಲ್ಲಿ ಅದೇ ಮನೆಯಲ್ಲಿ ತೀರಿಕೊಂಡ. 1922ರಲ್ಲಿ ಅಲ್ಲಿ ಶಾಲೆ ತೆರೆಯಿತು.

ಇಂಥ ಶಾಲೆ ಯಾಕೆ ಬೇಕು ಎನ್ನುವುದು ಆ ಒಳನಾಡಿನ ದೂರವನ್ನು ನೆನೆದರೆ ತಿಳಿಯುತ್ತದೆ. ಜಮೀನಿನಿಂದ ಹತ್ತಿರದ ಹೈಸ್ಕೂಲಿಗೆ ದಿನಾ ಹೋಗಿ ಬರಲಾಗದ ಮಕ್ಕಳಿದ್ದಾರೆ. ನಗರದ ಖಾಸಗಿ ಹಾಸ್ಟೆಲ್ ಶಾಲೆಗೆ ಕಳಿಸಬೇಕು, ಇಲ್ಲವೇ ಜಮೀನು ಬಿಟ್ಟು ಹೊರಡಬೇಕು. 1971ರಲ್ಲಿ ಉಣ್ಣೆಯ ಬೆಲೆ ಕುಸಿದು ಬರವೂ ಬಡಿದಾಗ ಬರ್ಕ್ ಎಂಬ ಊರಿನಲ್ಲಿ ತಾಯ್ತಂದೆಯರು ಸೇರಿ ಒಂದು ಸಂಘ ಕಟ್ಟಿದರು. ಹಾಸ್ಟೆಲ್ ಖರ್ಚಿಗೆ ನೆರವು ಕೊಡಿ ಎಂದು ಹಟ ಹಿಡಿದರು. 1973ರಿಂದ ಕೇಂದ್ರ ಸರ್ಕಾರದ ಭತ್ಯೆ ಬರತೊಡಗಿತು. ಈ ಸಂಘದ ಬಗ್ಗೆ ನನಗೆ ತುಂಬ ಗೌರವ. ಪಾಠ ಸರ್ಕಾರದ್ದಾದರೂ ಯಾಂಕೋದಲ್ಲಿ ಊಟ-ವಸತಿಗೆ ಮನೆಯವರೇ ಹಣ ಕಟ್ಟಬೇಕು, ಅದಕ್ಕೇ ಈ ಭತ್ಯೆ ಅಷ್ಟು ಮುಖ್ಯ.

ಒಂದು ಮಾತು ಮಾತ್ರ ನನ್ನನ್ನು ಕಾಡುತ್ತದೆ. ಈ ಶಾಲೆಗೆ ಹೆಣ್ಣುಮಕ್ಕಳು ಸೇರಿದ್ದು 1993ರಲ್ಲಿ. 71 ವರ್ಷ ಕಾಯಬೇಕಿತ್ತೇ? ರೈತರ ಮನೆಗಳಲ್ಲಿ ಹೆಣ್ಣುಮಕ್ಕಳು ಅಷ್ಟೂ ಕಾಲ ಹೊಲದಲ್ಲೇ ದುಡಿದಿದ್ದರಲ್ಲ!

ಕೃಷಿ ಇಲ್ಲಿ ಪಠ್ಯದ ವಿಷಯ, ಶಾಲೆಗೆ ತನ್ನದೇ ಜಮೀನಿದೆ. ಮಕ್ಕಳು ಕುರಿ-ದನ ಸಾಕುತ್ತಾರೆ, ಅವನ್ನು ಸುತ್ತಲಿನ ಊರುಗಳ ಕೃಷಿ ಪ್ರದರ್ಶನಗಳಿಗೆ ಹೊಡೆದುಕೊಂಡು ಹೋಗುತ್ತಾರೆ.

ನಿಮ್ಮ ಶಾಲೆಯ ಹಿಂದೆ ಜಾಗ ಪಾಳು ಬಿದ್ದಿದೆ ಎಂದಿದ್ದೆಯಲ್ಲ, ಅಲ್ಲಿ ಮೊದಲು ರಾಗಿಯನ್ನೇ ಹಾಕಿಸು. ಮುಖ್ಯೋಪಾಧ್ಯಾಯರನ್ನು ಕೇಳಿ ಬರೆ, ಬಿತ್ತನೆಯ ಹೊತ್ತಿಗೆ ನಾನೂ ಬರುತ್ತೇನೆ.

ನಿನ್ನ,
ರಘು