ವೈವಾ ಮುಗಿಯಿತು, ಪುಣೆಯ ನನ್ನ ಜನಕ್ಕೆ ಥ್ಯಾಂಕ್ಸ್

ಪಿಎಚ್‌ಡಿ ವೈವಾ ಮೊನ್ನೆ ಮುಗಿಯಿತು. ಗೈಡ್, ಕಮಿಟಿ, ಲ್ಯಾಬಿನವರಿಗೆಲ್ಲ ಥೀಸಿಸ್‌ನಲ್ಲೇ ಕೃತಜ್ಞತೆ ಹೇಳಿದ್ದೇನೆ. ಆ ಥೀಸಿಸ್ ತೆರೆದೂ ನೋಡದ, ಆದರೆ ಅದು ಮುಗಿಯಲು ಕಾರಣರಾದ ಕೆಲವರು ಪುಣೆಯಲ್ಲಿದ್ದಾರೆ. ಇದು ಅವರಿಗೆ.

"ಅಷ್ಟಕ್ಕೂ ನೀನು ಮಾಡೋದೇನು?" ಅಂತ ಎಲ್ಲರೂ ಕೇಳುತ್ತಿದ್ದಿರಿ, ಅಲ್ವಾ? ಬಾಹ್ಯಾಕಾಶ ನೌಕೆ ಯಾವಾಗ ಚಿತ್ರ ತೆಗೆಯಬೇಕು, ಯಾವಾಗ ಭೂಮಿಗೆ ಡೇಟಾ ಕಳಿಸಬೇಕು, ಬ್ಯಾಟರಿ ಎಷ್ಟು ಉಳಿಸಿಕೊಳ್ಳಬೇಕು, ಇದನ್ನೆಲ್ಲ ಎಐ ಪ್ರೋಗ್ರಾಂ ಕೈಲಿ ಪ್ಲಾನ್ ಮಾಡಿಸುವುದು. ಹೊಸದೇನಲ್ಲ. 1999ರ ಮೇ ತಿಂಗಳಲ್ಲೇ ನಾಸಾದ ಡೀಪ್ ಸ್ಪೇಸ್ 1 ನೌಕೆಯಲ್ಲಿ ರಿಮೋಟ್ ಏಜೆಂಟ್ ಅನ್ನುವ ಸಾಫ್ಟ್‌ವೇರ್ ಇದನ್ನು ಮಾಡಿ ತೋರಿಸಿತ್ತು. 2004ರಲ್ಲಿ ನಾಸಾದ್ದೇ ಇಒ-1 ಉಪಗ್ರಹ ಅಂಟಾರ್ಕ್ಟಿಕಾದ ಎರೆಬಸ್ ಜ್ವಾಲಾಮುಖಿಯ ಬಿಸಿ ಗುರುತಿಸಿ, ಯಾರನ್ನೂ ಕೇಳದೆ ಇನ್ನೊಂದು ಚಿತ್ರ ತೆಗೆಯುವ ಕೆಲಸವನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿತು. ಅದರೊಳಗಿದ್ದ ಪ್ಲಾನರ್, ಅಂದರೆ ಪ್ಲಾನ್ ಮಾಡುವ ಪ್ರೋಗ್ರಾಂ, ಹೆಸರು ಕ್ಯಾಸ್ಪರ್.

ನನ್ನ ತಲೆನೋವು ಇದ್ದದ್ದು ಇಲ್ಲೇ. ಮಧ್ಯದಲ್ಲಿ ಏನೋ ಬದಲಾದರೆ ಇಡೀ ಪ್ಲಾನ್ ಬಿಸಾಕಿ ಹೊಸದು ಮಾಡಬೇಕಾ, ಕೆಟ್ಟ ಕಡೆ ಮಾತ್ರ ರಿಪೇರಿ ಮಾಡಬೇಕಾ? ಕ್ಯಾಸ್ಪರ್ ರಿಪೇರಿ ಮಾಡುತ್ತದೆ. ನಾನು ಹೊಸದರ ಪರ ಇದ್ದೆ, ಯಾಕೆಂದರೆ ಕಾಗದದ ಮೇಲೆ ಅದರಲ್ಲೇ ಜಾಸ್ತಿ ಚಿತ್ರಗಳು ಸಿಗುತ್ತವೆ. ಆಗ ಕೆಳಗಿನ ಮನೆಯ ವಿಜಯಪುರದ ಅಕ್ಕ, ಆಸ್ಪತ್ರೆಯ ನರ್ಸ್‌ಗಳ ಡ್ಯೂಟಿ ಪಟ್ಟಿ ಬರೆಯುತ್ತಲೇ ಹೇಳಿದರು: "ಒಬ್ಬಾಕಿ ರಜಾ ಹಾಕಿದ್ಲು ಅಂತ ಎಲ್ಲಾರ ನೈಟ್ ಡ್ಯೂಟಿ ಬದಲ್ ಮಾಡಿದ್ರ ವಾರ್ಡ್‌ನಾಗ ಯುದ್ಧನ ಆಗ್ತದ, ತಮ್ಮಾ." ಸುಮ್ನೆ ನಕ್ಕು ಮೇಲೆ ಬಂದೆ. ಮರುದಿನ ಮ್ಯಾಪ್‌ಜೆನ್ ಬಗ್ಗೆ ಮತ್ತೆ ಓದಿದೆ. ಮಂಗಳದ ಸ್ಪಿರಿಟ್, ಆಪರ್ಚುನಿಟಿ ರೋವರ್‌ಗಳ ದಿನದ ಕೆಲಸ ಹೊಂದಿಸುತ್ತಿದ್ದ ಪ್ರೋಗ್ರಾಂ ಅದು. ಎಂಜಿನಿಯರ್ ಒಂದು ಕೆಲಸ ಸರಿಸಿದರೆ ಉಳಿದವನ್ನು ಆದಷ್ಟು ಇದ್ದಲ್ಲೇ ಬಿಡುತ್ತಿತ್ತು. ಕೂತು ಪ್ಲಾನ್ ಪರೀಕ್ಷಿಸುವವರು ಮನುಷ್ಯರೇ ತಾನೇ? ಎಲ್ಲವೂ ಬದಲಾದರೆ ಅವರು ಎಲ್ಲವನ್ನೂ ಮತ್ತೆ ಮೊದಲಿನಿಂದ ನೋಡಬೇಕು. ನನ್ನ ಮೂರನೇ ಅಧ್ಯಾಯ ಪೂರ್ತಿ ಇದರ ಮೇಲೇ ನಿಂತಿದೆ. ಅಕ್ಕಾ, ಅದು ನಿಮ್ಮದು. ಎರಡು ಚಿತ್ರ ಕಮ್ಮಿ ಸಿಕ್ಕರೂ ಪರವಾಗಿಲ್ಲ ಅಂತ ಈಗ ನಾನೇ ವಾದಿಸುತ್ತೇನೆ, ವೈವಾದಲ್ಲೂ ವಾದಿಸಿದೆ.

ಫೆಲೋಶಿಪ್ ತಿಂಗಳುಗಟ್ಟಲೆ ಬಾರದಿದ್ದಾಗ ಕರ್ವೆ ನಗರದ ಖಾನಾವಳಿಯ ಕಾಕಾ ಒಂದು ದಿನವೂ ದುಡ್ಡು ಕೇಳಲಿಲ್ಲ. ಕೇಳದಿರುವುದಷ್ಟೇ ಅಲ್ಲ, ನಾನು ಮುಖ ಮರೆಸಿಕೊಂಡು ಊಟಕ್ಕೆ ಬರುವುದನ್ನೇ ಬಿಟ್ಟಾಗ ರೂಮಿಗೆ ಹುಡುಗನ ಕೈಲಿ ರೊಟ್ಟಿ, ಎಣಗಾಯಿ ಕಳಿಸಿದರು. ಶಿವಮೊಗ್ಗದ ರೂಮ್‌ಮೇಟ್ ಹಿಂಜವಡಿಯಲ್ಲಿ ನೈಟ್ ಶಿಫ್ಟ್ ಮುಗಿಸಿ ಬಂದು, ನನ್ನ ಸಿಮ್ಯುಲೇಶನ್ ಓಡುತ್ತಿದ್ದ ಕಂಪ್ಯೂಟರಿನ ಗದ್ದಲದಲ್ಲೇ ನಿದ್ದೆ ಮಾಡಿದ. ಬೈಯುತ್ತಲೇ ಮಾಡಿದ, ಆದರೆ ಆಫ್ ಮಾಡಲಿಲ್ಲ.

ಕೆಲಸಕ್ಕೆ ಅರ್ಜಿ ಹಾಕಿದ್ದೇನೆ, ಇನ್ನೂ ಉತ್ತರ ಬಂದಿಲ್ಲ. ಫೆಲೋಶಿಪ್ ಬಾಕಿ ಮಾತ್ರ ಬಂದಿದೆ. ಕಾಕಾ, ಈ ವಾರ ಲೆಕ್ಕದ ಪುಸ್ತಕ ತೆಗೆದಿಡಿ.