ಹಂಡೆಯೊಳಗಿನ ಉಪ್ಪು, ಟ್ರಾವರ್ಟೈನ್ ಅಡುಗೆಕಟ್ಟೆ ಮತ್ತು ಒಂದು ನಿಂಬೆಹಣ್ಣು

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಕಳೆದ ವಾರ ನಿಮ್ಮ ಮನೆ ಪುಟದಲ್ಲಿ ಟ್ರಾವರ್ಟೈನ್ ಕಲ್ಲಿನ ಬಗ್ಗೆ ಬಂದಿದ್ದ ಬರಹ ಓದಿದೆ. ಫೋಟೋಗಳು ಚೆನ್ನಾಗಿದ್ವು, ಕೆನೆ ಬಣ್ಣದ ಗೋಡೆ, ಅದೇ ಕಲ್ಲಲ್ಲಿ ಕೊರೆದ ವಾಶ್‌ಬೇಸಿನ್, ಅದೇ ಕಲ್ಲಿನ ಅಡುಗೆಕಟ್ಟೆ, ಕಟ್ಟೆ ಮೇಲೆ ಒಂದು ಬುಟ್ಟಿ ತುಂಬಾ ನಿಂಬೆಹಣ್ಣು. ಆ ನಿಂಬೆಹಣ್ಣು ನೋಡಿ ನನಗೆ ನಗು ತಡೆಯೋಕಾಗ್ಲಿಲ್ಲ. ಯಾಕೆ ಅಂತ ಹೇಳೋಕೇ ಈ ಪತ್ರ. ಉದ್ದ ಆಯ್ತು ಅನಿಸಿದ್ರೆ ಎಲ್ಲಿ ಬೇಕಾದ್ರೂ ಕತ್ತರಿಸ್ಕೊಳ್ಳಿ, ನಿಂಬೆಹಣ್ಣಿನ ವಿಷಯ ಮಾತ್ರ ಬಿಡ್ಬೇಡಿ.

ನಾವು ತುಮಕೂರಿನೋರು. ಎರಡು ವರ್ಷದ ಹಿಂದೆ ಹಳೇ ಮನೆ ಒಡೆಸಿ ರಿಪೇರಿ ಮಾಡಿಸಿದ್ವಿ. ಮಗಳು ದಿನಾ ರಾತ್ರಿ ಮೊಬೈಲ್ ಹಿಡ್ಕೊಂಡು ಬಂದು "ಅಮ್ಮಾ ಇದು ನೋಡು, ಅಮ್ಮಾ ಅದು ನೋಡು" ಅಂತ ತೋರಿಸೋಳು, ನೋಡಿದ್ದೆಲ್ಲಾ ಹಾಲುಕೋವಾ ಬಣ್ಣವೇ. ಮೊದಲೆಲ್ಲ ಕನ್ನಡಿ ಥರ ಮುಖ ಕಾಣೋ ಪಾಲಿಶ್ ಬೇಕು ಅಂತಿದ್ರು, ಈಗ ಹೊಳಪಿಲ್ಲದ ಹೋನ್ಡ್ ಫಿನಿಷ್, ಚರ್ಮದ ಹಾಗೆ ತರಿತರಿ ಇರೋ ಲೆದರ್ ಫಿನಿಷ್ ಅಂತೆ, ಬೂದು ಬಣ್ಣ ಹಳೇದಾಯ್ತಂತೆ. ಆಯ್ತು ಮಾರಾಯ್ತಿ ಅಂತ ಬೆಂಗಳೂರಿನ ಹತ್ತಿರ ಒಂದು ಕಲ್ಲಿನ ಯಾರ್ಡ್‌ಗೆ ಹೋದ್ವಿ. ಅಲ್ಲಿದ್ದೋರು "ಮೇಡಂ, ರೋಮಲ್ಲಿ ಎರಡು ಸಾವಿರ ವರ್ಷದಿಂದ ನಿಂತಿರೋ ಕಲ್ಲು ಇದು, ಮೇಲೆ ಬಳಿಯೋ ಸೀಲರ್ ದ್ರವ ಹೊಡೆದ್ರೆ ಏನೂ ಆಗಲ್ಲ" ಅಂದ್ರು. ನಮ್ಮನೆಯೋರು ಕಪ್ಪು ಗ್ರಾನೈಟ್‌ನ ಎರಡರಷ್ಟಕ್ಕಿಂತ ಜಾಸ್ತಿ ದುಡ್ಡು ಎಣಿಸಿ ಕೊಟ್ರು.

ಯುಗಾದಿ ಹಬ್ಬಕ್ಕೆ ಮಾವಿನಕಾಯಿ ಚಿತ್ರಾನ್ನ, ಹೋಳಿಗೆ ಸಾರು, ಎಲ್ಲಾ ಆ ಹೊಸ ಟ್ರಾವರ್ಟೈನ್ ಕಟ್ಟೆ ಮೇಲೇ. ರಾತ್ರಿ ಸುಸ್ತಾಗಿ ಮಲಗಿದ್ವಿ. ಬೆಳಿಗ್ಗೆ ಎದ್ದು ನೋಡಿದ್ರೆ ಹಿಂಡಿಟ್ಟಿದ್ದ ಅರ್ಧ ನಿಂಬೆಹಣ್ಣಿನ ಕೆಳಗೆ ರಂಗೋಲಿ ಪುಡಿ ಒರೆಸಿದ ಹಾಗೆ ದುಂಡಗೆ ಒಂದು ಕಲೆ, ಹುಣಸೆಹಣ್ಣು ಕಿವುಚಿದ ಬಟ್ಟಲು ಇದ್ದ ಕಡೆ ಇನ್ನೊಂದು. ಸೋಪು ಹಾಕಿ ಉಜ್ಜಿದೆ, ಹೋಗ್ಲಿಲ್ಲ. ಯಾರ್ಡಿಗೆ ಫೋನ್ ಮಾಡಿದ್ರೆ ಸೀಲರ್ ಇನ್ನೊಂದು ಕೋಟ್ ಹೊಡೆಸಿ ಅಂದ್ರು. ಹೊಡೆಸಿದ್ವಿ. ಮುಂದಿನ ವಾರ ಮಜ್ಜಿಗೆ ಹುಳಿ ಮಾಡಿದ ದಿನ ಮೂರನೇ ಕಲೆ ಬಿತ್ತು.

ಕೊನೆಗೆ ನಮ್ಮ ಬೀದೀಲಿರೋ ನಿವೃತ್ತ ಕೆಮಿಸ್ಟ್ರಿ ಮೇಷ್ಟ್ರು ಒಬ್ರು ಬಂದು ಕಲ್ಲು ನೋಡಿ ನೇರ ಬಚ್ಚಲಿಗೆ ಹೋದ್ರು. ಬಚ್ಚಲಲ್ಲಿ ನಮ್ಮತ್ತೆ ಕಾಲದ ತಾಮ್ರದ ಹಂಡೆ ಇದೆ, ನಮ್ಮ ಬೋರ್‌ವೆಲ್ ನೀರು ಕಾದು ಕಾದು ಒಳಗೆ ಬಿಳಿ ಪದರ ಕೂತಿರುತ್ತೆ, ಉಪ್ಪು ಕಟ್ಟಿದೆ ಅಂತೀವಲ್ಲ ಅದು. ಅದರದ್ದೊಂದು ಚೂರು ಕೆರೆದು ತಂದು ಕಟ್ಟೆ ಮೇಲಿಟ್ಟು "ಎರಡೂ ಒಂದೇ ಜಾತಿ ತಾಯಿ" ಅಂದ್ರು.

ಅವರು ಹೇಳಿದ್ದು ಇಷ್ಟು. ನೆಲದೊಳಗೆ ಇಳಿಯೋ ನೀರು ಮಣ್ಣಲ್ಲಿರೋ ಇಂಗಾಲದ ಡೈಆಕ್ಸೈಡ್ ಹೀರ್ಕೊಂಡು ಸ್ವಲ್ಪ ಹುಳಿಯಾಗುತ್ತೆ, ಆ ನೀರು ಸುಣ್ಣದ ಕಲ್ಲನ್ನ ಕರಗಿಸ್ಕೊಂಡು ಬರುತ್ತೆ. ಬುಗ್ಗೆಯಾಗಿ ಹೊರಗೆ ಬಂದಾಗ, ಇಲ್ಲಾ ಹಂಡೆಯಲ್ಲಿ ಕಾದಾಗ, ಆ ಗಾಳಿ ಹಾರಿಹೋಗುತ್ತೆ, ಕರಗಿದ್ದ ಕ್ಯಾಲ್ಸಿಯಂ ಕಾರ್ಬೊನೇಟ್ ಪದರ ಪದರವಾಗಿ ಕೂರುತ್ತೆ. ಟರ್ಕಿಯ ಪಮುಕ್ಕಲೆಯಲ್ಲಿ ಬೆಟ್ಟದ ಮೇಲೆ ಮೊಸರು ಚೆಲ್ಲಿದ ಹಾಗೆ ಬೆಳ್ಳಗೆ ಕಾಣೋ ಮೆಟ್ಟಿಲು ಕೊಳಗಳು ಹೀಗೇ ಆಗಿರೋದು, ರೋಮ್ ಹತ್ತಿರದ ತಿವೊಲಿಯ ಟ್ರಾವರ್ಟೈನ್ ಕೂಡ ಹೀಗೇ. ಟ್ರಾವರ್ಟೈನ್ ಅನ್ನೋ ಹೆಸರೇ ತಿವೊಲಿಯ ಹಳೇ ಹೆಸರು ಟಿಬುರ್ ಇದ್ಯಲ್ಲ ಅದರಿಂದ ಬಂದಿದ್ದು, ಟಿಬುರಿನ ಕಲ್ಲು ಅಂತ. ಕಲ್ಲಲ್ಲಿರೋ ಸಣ್ಣ ಸಣ್ಣ ತೂತುಗಳು ಆವಾಗ ಸಿಕ್ಕಾಕ್ಕೊಂಡ ಗಾಳಿಗುಳ್ಳೆ, ಪಾಚಿ, ಸೊಪ್ಪುಸದೆ ಬಿಟ್ಟುಹೋದ ಜಾಗ.

ಈಗ ಯೋಚ್ನೆ ಮಾಡಿ, ಹಂಡೆ ಉಪ್ಪು ತೆಗೆಯೋಕೆ ನಾವು ಏನು ಹಾಕ್ತೀವಿ? ಹುಣಸೆಹಣ್ಣು ಇಲ್ಲಾ ನಿಂಬೆ ಸಿಪ್ಪೆ ಹಾಕಿ ತಿಕ್ಕಿದ್ರೆ ಕಿತ್ಕೊಂಡು ಬರುತ್ತೆ. ಹಂಡೇಲಿ ನಮಗೆ ಬೇಕಾದ ಕೆಲಸವನ್ನೇ ಅದು ಕಟ್ಟೆ ಮೇಲೂ ಮಾಡಿದೆ, ಅಷ್ಟೇ! ಅದು ಕಲೆಯೇ ಅಲ್ಲ, ಅಲ್ಲಿ ಕಲ್ಲೇ ಕರಗಿರೋದು, ಹಾಗಾಗಿ ಉಜ್ಜಿದ್ರೆ ಎಲ್ಲಿಂದ ಹೋಗ್ಬೇಕು. ಸೀಲರ್ ಎಣ್ಣೆ, ಅರಿಶಿನ ಒಳಗೆ ಇಳಿಯೋದನ್ನ ತಡೆಯುತ್ತೆ, ಹುಳಿ ಮೇಲ್ಮೈ ತಿನ್ನೋದನ್ನ ತಡೆಯಲ್ಲ. ಈ ಒಂದು ವಾಕ್ಯ ಯಾರ್ಡಲ್ಲಿ ಯಾರೂ ಹೇಳ್ಲಿಲ್ಲ, ನಿಮ್ಮ ಬರಹದಲ್ಲೂ ಇರ್ಲಿಲ್ಲ.

ರೋಮಲ್ಲಿ ಎರಡು ಸಾವಿರ ವರ್ಷ ನಿಂತಿಲ್ವಾ ಅಂದ್ರೆ ನಿಂತಿದೆ, ಸುಳ್ಳಲ್ಲ. ರೋಮಿನ ಹಳೇ ಬಯಲು ರಂಗಮಂದಿರ ಕೊಲೋಸಿಯಂನ ಹೊರಗೋಡೆ ಟ್ರಾವರ್ಟೈನೇ, ಕ್ರಿ.ಶ. 80ರಲ್ಲಿ ಉದ್ಘಾಟನೆಯಾದ ಕಟ್ಟಡ. ವ್ಯಾಟಿಕನ್‌ನ ಸೇಂಟ್ ಪೀಟರ್ಸ್ ಚೌಕದಲ್ಲಿ ಶಿಲ್ಪಿ ಬರ್ನಿನಿ ನಿಲ್ಲಿಸಿದ 284 ಕಂಬಗಳೂ ಅದೇ ಕಲ್ಲು. ಅಮೆರಿಕದ ಲಾಸ್ ಏಂಜಲೀಸಲ್ಲಿ 1997ರಲ್ಲಿ ತೆರೆದ ಗೆಟ್ಟಿ ಸೆಂಟರ್ ಅನ್ನೋ ಮ್ಯೂಸಿಯಂಗೆ ತಿವೊಲಿ ಕಡೆಯಿಂದಲೇ ಸುಮಾರು 16,000 ಟನ್ ತರಿಸಿದ್ರು. ಆದ್ರೆ ಸ್ವಾಮಿ, ಕೊಲೋಸಿಯಂ ಗೋಡೆ ಮೇಲೆ ಯಾರೂ ಹುಳಿಯನ್ನ ಮಾಡ್ಲಿಲ್ಲ. ಕೆಲವು ವರ್ಷದ ಹಿಂದೆ ಅದರ ಕೊಳೆ ತೆಗೆಯುವಾಗ ಬರೀ ನೀರು ಸಣ್ಣಗೆ ಸಿಂಪಡಿಸಿ ಸಿಂಪಡಿಸಿ ತೆಗೆದ್ರು, ನಮ್ಮ ಕಡೆ ಗೃಹಪ್ರವೇಶದ ಹಿಂದಿನ ದಿನ ಮೇಸ್ತ್ರಿ ಸಿಮೆಂಟ್ ಕಲೆ ಹೋಗ್ಲಿ ಅಂತ ನೆಲಕ್ಕೆಲ್ಲ ಆಸಿಡ್ ಸುರಿದು ಪೊರಕೆ ಹೊಡೀತಾನೆ. ಗ್ರಾನೈಟ್ ಆದ್ರೆ ಹೇಗೋ ತಡ್ಕೊಳ್ಳುತ್ತೆ. ಟ್ರಾವರ್ಟೈನ್, ಮಾರ್ಬಲ್ ಆದ್ರೆ ಬುಸಬುಸ ಅಂತ ನೊರೆ ಬಂದು ಪಾಲಿಶ್ ಎಲ್ಲಾ ಒಂದೇ ಸಲ ಢಮಾರ್.

ತೂತಿನ ವಿಷಯ ಇನ್ನೊಂದು. ಅದನ್ನ ಸಿಮೆಂಟಲ್ಲೋ ಎಪಾಕ್ಸಿ ಅಂಟಲ್ಲೋ ತುಂಬಿ ಕೊಡ್ತಾರೆ, ಫಿಲ್ಡ್ ಅಂತಾರೆ, ತುಂಬದೇ ಹಾಗೇ ಬಿಟ್ಟಿದ್ದು ಅನ್‌ಫಿಲ್ಡ್. ಗೋಡೆಗಾದ್ರೆ ತುಂಬದೇ ಬಿಟ್ಟಿದ್ದೇ ಚಂದ, ನೆಲಕ್ಕೆ ಹಾಕಿದ್ರೆ ಓಡಾಡಿ ಓಡಾಡಿ ತುಂಬಿದ್ದೂ ಅಲ್ಲಲ್ಲಿ ಎದ್ದು ಬರುತ್ತೆ. ನಮ್ಮ ಕಟ್ಟೆಯ ಒಂದು ತೂತಲ್ಲಿ ಸಾಸಿವೆ ಸೇರ್ಕೊಂಡು ಪಿನ್ನು ಹಾಕಿ ತೆಗೆದಿದ್ದೀನಿ. ಕಲ್ಲನ್ನ ಪದರಕ್ಕೆ ಅಡ್ಡವಾಗಿ ಕೊಯ್ದರೆ ಪಟ್ಟೆ ಪಟ್ಟೆ ಕಾಣುತ್ತೆ, ವೇನ್ ಕಟ್ ಅಂತಾರೆ, ಪದರದ ಉದ್ದಕ್ಕೇ ಕೊಯ್ದರೆ ಮೋಡದ ಥರ ಕಾಣುತ್ತೆ, ಅದು ಕ್ರಾಸ್ ಕಟ್. ಹೆಸರು ಉಲ್ಟಾ ಇದ್ಯಲ್ಲಾ ಅಂತ ನನಗೂ ಅನಿಸಿತ್ತು, ಇರ್ಲಿ ಬಿಡಿ.

ಈಗ ನಮ್ಮ ಕಲ್ಲಿನ ಮಾತಿಗೆ ಬರ್ತೀನಿ. ನಮ್ಮದೆಲ್ಲಾ ಚೆನ್ನ, ಹೊರಗಿನದೆಲ್ಲಾ ಕೆಟ್ಟದು ಅಂತ ಹೇಳೋಕೆ ಬಂದಿಲ್ಲ. ಕಲಬುರಗಿ ಕಡೆಯ ಶಹಾಬಾದ್ ಕಲ್ಲು ಇದೆಯಲ್ಲ, ಅದೂ ಸುಣ್ಣದ ಕಲ್ಲೇ, ಆ ಸೀಮೇಲಿ ಅಷ್ಟೊಂದು ಸಿಮೆಂಟ್ ಫ್ಯಾಕ್ಟರಿ ಇರೋದೂ ಅದೇ ಸುಣ್ಣದ ಕಲ್ಲಿಗೋಸ್ಕರ. ಕಡಪ ಕಲ್ಲೂ ಅದೇ ಜಾತಿ. ನಮ್ಮಮ್ಮನ ಅಡುಗೆಮನೆ ಕಡಪ ಕಟ್ಟೆ ಮೇಲೆ ಹುಳಿ ಬಿದ್ದ ಕಡೆ ಬೆಳ್ಳಗಾಗ್ತಿತ್ತು, ಅಮ್ಮ ಹಬ್ಬಕ್ಕೊಂದ್ಸಲ ಕೊಬ್ಬರಿಎಣ್ಣೆ ಒರೆಸಿ ಕಪ್ಪು ಮಾಡೋರು. ಆದ್ರೆ ಆ ಕಲ್ಲುಗಳಲ್ಲಿ ತೂತಿಲ್ಲ, ಒತ್ತಾಗಿದೆ, ಹೊಳೀಲಿ ಅಂತ ಯಾರೂ ತಂದಿರ್ಲಿಲ್ಲ, ಕೊಟ್ಟ ದುಡ್ಡೂ ಕಮ್ಮಿ, ಹಾಗಾಗಿ ಕಲೆ ಬಿದ್ರೆ ಹೊಟ್ಟೆ ಉರೀತಿರ್ಲಿಲ್ಲ. ಗ್ರಾನೈಟ್ ಜಾತಿಯೇ ಬೇರೆ. ಕಲ್ಲಿನ ಗಡಸುತನ ಅಳೆಯೋಕೆ 1ರಿಂದ 10ರವರೆಗಿನ ಮೋಸ್ ಲೆಕ್ಕ ಇದೆ, ಅದರಲ್ಲಿ ಟ್ರಾವರ್ಟೈನ್ 3ರ ಹತ್ತಿರ ಬಂದ್ರೆ ಗ್ರಾನೈಟ್ 6ರಿಂದ 7, ನಿಂಬೆ ಹುಣಸೆಗೆಲ್ಲ ಜಗ್ಗಲ್ಲ. ಇಳಕಲ್ಲಿನ ಕೆಂಪು ಕಲ್ಲು, ಚಾಮರಾಜನಗರದ ಕಪ್ಪು ಕಲ್ಲು, ದೇವನಹಳ್ಳಿ ಕಡೆ ಸಾದರಹಳ್ಳಿ ಬೂದು ಕಲ್ಲು, ಎಲ್ಲಾ ಇಲ್ಲೇ ಇದೆ. ನಮ್ಮ ಜಿಲ್ಲೆಯ ತುರುವೇಕೆರೆ ಕಪ್ಪು ಕಲ್ಲು ವಿಧಾನಸೌಧದ ಅಲಂಕಾರಕ್ಕೆ ಹೋಗಿದೆ, ಮಾಗಡಿ ಗುಲಾಬಿ ಕಲ್ಲಿನ ಜತೆ. ಕಪ್ಪು ಗ್ರಾನೈಟ್ ಅಂತ ಮಾರೋದು ಬಹಳಷ್ಟು ನಿಜವಾಗಿ ಗ್ರಾನೈಟ್ ಅಲ್ಲ, ಡಾಲರೈಟ್ ಅನ್ನೋ ಬೇರೆ ಕಲ್ಲು ಅಂತ ಮೇಷ್ಟ್ರು ಹೇಳಿದ್ರು, ಅಡುಗೆಮನೆಗೆ ಮಾತ್ರ ಅದೂ ಗಟ್ಟಿಯೇ.

ಇಷ್ಟಕ್ಕೂ ಹುಳಿಗೆ ಯಾವ ಕಲ್ಲು ಆಗುತ್ತೆ ಅಂತ ನಮ್ಮ ಹಿರಿಯರಿಗೆ ಗೊತ್ತಿರ್ಲಿಲ್ವಾ? ಮಲೆನಾಡಲ್ಲಿ ಉಪ್ಪಿನಕಾಯಿ, ಗೊಜ್ಜು ಎಲ್ಲಾ ಕಲ್ಲಿನ ಮರಿಗೆಯಲ್ಲಿ ಇಡ್ತಿದ್ರು, ಅದು ಬಳಪದ ಕಲ್ಲು, ಬೇಲೂರು ಹಳೇಬೀಡಲ್ಲಿ ಕೆತ್ತಿರೋ ಕಲ್ಲಿನ ಬಳಗದ್ದೇ. ಮೆತ್ತಗಿದೆ, ಉಗುರಲ್ಲಿ ಗೀರಬಹುದು, ಆದ್ರೆ ಹುಳಿ ಅದನ್ನ ಏನೂ ಮಾಡಲ್ಲ. ತಾಮ್ರ ಹಿತ್ತಾಳೆ ಪಾತ್ರೆ ಆದ್ರೆ ಕಲಾಯಿ ಹಾಕಿಸದೇ ಹುಳಿ ಕುದಿಸ್ತಿರ್ಲಿಲ್ಲ. ಇಷ್ಟೆಲ್ಲಾ ಗೊತ್ತಿದ್ದೋರ ಮೊಮ್ಮಗಳು ನಾನು ಹೋಗಿ ಹಂಡೆ ಉಪ್ಪಿನ ಮೇಲೆ ಹುಣಸೆಹಣ್ಣು ಕಿವುಚಿದ್ದೀನಿ ನೋಡಿ.

ಇನ್ನು ಕ್ವಾರ್ಟ್ಜ್ ಕಟ್ಟೆ. ನಿಮ್ಮ ಬರಹದಲ್ಲಿ ಅದನ್ನೂ ನೈಸರ್ಗಿಕ ಕಲ್ಲಿನ ಸಾಲಿಗೆ ಸೇರಿಸಿದ್ದೀರಿ. ಅದು ಕಲ್ಲಿನ ಪುಡಿಗೆ ರೆಸಿನ್ ಅನ್ನೋ ಅಂಟು ಹಾಕಿ ಫ್ಯಾಕ್ಟರೀಲಿ ಒತ್ತಿ ಮಾಡೋದು. ಕೊಯ್ಯುವಾಗ ಬರೋ ಸಿಲಿಕಾ ಧೂಳಿಂದ ಕೆಲಸಗಾರರ ಶ್ವಾಸಕೋಶ ಹಾಳಾಗ್ತಿದೆ ಅಂತ ಆಸ್ಟ್ರೇಲಿಯಾದಲ್ಲಿ 2024ರ ಜುಲೈ 1ರಿಂದ ಅಂಥ ಸ್ಲ್ಯಾಬನ್ನೇ ಬ್ಯಾನ್ ಮಾಡಿದ್ದಾರೆ. ಗ್ರಾನೈಟಲ್ಲೂ ಸಿಲಿಕಾ ಇದೆ, ನಮ್ಮನೇಲಿ ಕೊಯ್ಯೋಕೆ ಬಂದಿದ್ದ ಹುಡುಗ ಮೂತಿಗೆ ಒಂದು ಟವೆಲ್ ಸುತ್ಕೊಂಡು ಒಣ ಬ್ಲೇಡಲ್ಲೇ ಕೊಯ್ತಿದ್ದ, ಮನೆಯೆಲ್ಲಾ ಬಿಳಿ ಮಂಜು. ನೀರು ಹಾಕ್ಕೊಂಡು ಕೊಯ್ಯಪ್ಪಾ ಅಂತ ಪೈಪ್ ಎಳೆದುಕೊಟ್ಟೆ, ಆಮೇಲೆ ಅಂಗಡಿಗೆ ಓಡಿಸಿ ಮಾಸ್ಕ್ ತರಿಸಿದೆ. ಸ್ಕ್ವೇರ್ ಫೀಟ್ ರೇಟ್ ಜತೆ ಇದನ್ನೂ ಒಂದು ಸಾಲು ಬರೀರಿ.

ಟ್ರಾವರ್ಟೈನ್ ಅಂತಲೇ ಹೆಸರು ಹಾಕಿ ಟೈಲ್ಸ್ ಮಾರ್ತಾರೆ, ಅದು ಪೋರ್ಸಲೇನ್ ಮೇಲೆ ಪ್ರಿಂಟ್ ಹೊಡೆದಿರೋದು. ನನ್ನ ಕೇಳಿದ್ರೆ ಆ ಬಣ್ಣ ಅಡುಗೆಮನೆಗೇ ಬೇಕು ಅನ್ನೋರಿಗೆ ಅದೇ ವಾಸಿ, ಹುಳಿಗೂ ಹೆದರಲ್ಲ ಆಸಿಡ್‌ಗೂ ಹೆದರಲ್ಲ. ಕಲ್ಲು ಅಂತ ಹೇಳಿ ಟೈಲ್ಸ್ ಕೊಡಬಾರ್ದು ಅಷ್ಟೇ, ನಾಲ್ಕು ಪೀಸ್ ಪಕ್ಕಪಕ್ಕ ಇಟ್ಟು ನೋಡಿ, ಒಂದೇ ತೂತು ಒಂದೇ ಪಟ್ಟೆ ಮತ್ತೆ ಮತ್ತೆ ಬಂದ್ರೆ ಅದು ಪ್ರಿಂಟು. ಕಪ್ಪು ಗ್ರಾನೈಟ್‌ಗೆ ಬಣ್ಣ ಎಣ್ಣೆ ಹಚ್ಚಿ ಮಾರೋರೂ ಇದ್ದಾರೆ, ಬಿಳಿ ಬಟ್ಟೆಗೆ ಥಿನ್ನರ್ ಹಾಕಿ ಒರೆಸಿದ್ರೆ ಬಟ್ಟೆ ಕಪ್ಪಾಗುತ್ತೆ, ಅಲ್ಲಿಗೆ ಗೊತ್ತಾಯ್ತು.

ನಿಮ್ಮ ಪತ್ರಿಕೆಗೆ ನನ್ನ ಕೋರಿಕೆ ಒಂದೇ, ಮುಂದಿನ ಸಲ ಕಲ್ಲಿನ ಬಗ್ಗೆ ಬರೆದಾಗ ಯಾವ ಕಲ್ಲು ಯಾವ ಜಾಗಕ್ಕೆ ಅಂತ ಬರೀರಿ. ಟ್ರಾವರ್ಟೈನ್ ಮೇಲೆ ನನಗೆ ಕೋಪ ಇಲ್ಲ. ಅಡುಗೆಕಟ್ಟೆಗೆ ಕೊನೆಗೆ ಕಪ್ಪು ಕಲ್ಲೇ ಬಂತು, ಕಿತ್ತ ಸ್ಲ್ಯಾಬನ್ನ ಕಲೆ ಇಲ್ಲದ ಕಡೆ ಕೊಯ್ಸಿ ಹಾಲಲ್ಲಿ ಟಿವಿ ಹಿಂದಿನ ಗೋಡೆಗೆ ಹಾಕಿಸಿದ್ವಿ, ಸಂಜೆ ಕಿಟಕಿಯಿಂದ ಬಿಸಿಲು ಬಿದ್ದಾಗ ಆ ಗೋಡೆ ನೋಡ್ಬೇಕು ನೀವು, ಒಳಗಿಂದ ದೀಪ ಹಚ್ಚಿದ ಹಾಗೆ ಇರುತ್ತೆ. ಮಗಳು ಖುಷಿ. ನಮ್ಮನೆಯೋರು ಮಾತ್ರ ಇವತ್ತಿಗೂ ಅದನ್ನ ಹಂಡೆ ಗೋಡೆ ಅಂತಲೇ ಕರೀತಾರೆ.

ಉಳಿದ ತುಂಡುಗಳು ಸ್ಟೋರ್‌ರೂಮಲ್ಲಿವೆ. ಮನೆ ಕಟ್ಟಿಸೋ ನೆಂಟರು ಯಾರಾದ್ರೂ ಬಂದ್ರೆ ಒಂದೊಂದು ತುಂಡು ಕೈಗಿಟ್ಟು ಜತೆಗೆ ಅರ್ಧ ನಿಂಬೆಹಣ್ಣೂ ಕೊಟ್ಟು, ರಾತ್ರಿ ಇದರ ಮೇಲೆ ಇದನ್ನ ಮಗುಚಿ ಇಡಿ, ಬೆಳಿಗ್ಗೆ ನೋಡಿ ಆಮೇಲೆ ಯಾರ್ಡಿಗೆ ಹೋಗಿ ಅಂತ ಹೇಳಿ ಕಳಿಸ್ತೀನಿ.

ಇಂತಿ,
ನಿಮ್ಮ ಹಳೇ ಓದುಗಿ, ತುಮಕೂರು