ಕುಂತಿಬೆಟ್ಟ ಶಿಬಿರ: ಬೆಳಗಿನ ಯೋಗದ ವಿಷಯ

ಎಂಟು ಮತ್ತು ಒಂಬತ್ತನೇ ತರಗತಿ ಮಕ್ಕಳ ಪೋಷಕರಿಗೆ ನಮಸ್ಕಾರ.

ಈ ಸಲದ ಶಿಬಿರವೂ ಪಾಂಡವಪುರದ ಕುಂತಿಬೆಟ್ಟದಲ್ಲೇ. ಚಾರಣ, ಬಂಡೆ ಹತ್ತುವುದು, ಕೆರೆಯಲ್ಲಿ ಕಯಾಕ್, ಸಂಜೆ ಗುಂಪು ಚಟುವಟಿಕೆ, ಎಲ್ಲ ಹೋದ ಸಲದ ಹಾಗೇ. ಬಸ್ಸು, ಊಟದ ವಿವರ ಡೈರಿಯಲ್ಲಿ ಅಂಟಿಸಿದ್ದೇವೆ. ಈ ಪತ್ರ ಬೇರೆ ವಿಷಯಕ್ಕೆ.

ಹೋದ ಸಲ ಎರಡನೇ ದಿನ ನಾಲ್ಕು ಮಕ್ಕಳು ಬೆಳಗಿನ ಯೋಗಕ್ಕೆ ಏಳಲಿಲ್ಲ. ಅವರಿಗೆ ಆವತ್ತು ಬಂಡೆ ಹತ್ತಲು ಬಿಡಲಿಲ್ಲ. ಕೆಳಗೆ ಕೂತು ನೋಡಿದರು. ಒಬ್ಬ ತಾಯಿ ನನ್ನ ಕೋಣೆಗೇ ಬಂದರು. "ದುಡ್ಡು ಕಟ್ಟಿದ್ದು ಬೆಟ್ಟ ಹತ್ತೋಕೆ ಮೇಡಂ. ಯೋಗ ಮನೇಲೂ ಮಾಡಬಹುದು ಅಲ್ವಾ?" ಅಂದರು. ಅವರ ಬೇಜಾರು ನ್ಯಾಯವಾದದ್ದೇ. ಮುಂಚೆಯೇ ಬರೆದು ತಿಳಿಸದೆ ಇದ್ದದ್ದು ನಮ್ಮ ತಪ್ಪು. ಹಾಗಾಗಿ ಈಗಲೇ ತಿಳಿಸುತ್ತಿದ್ದೇನೆ: ಬೆಳಗಿನ ಯೋಗಕ್ಕೆ ಬರದವರಿಗೆ ಆ ದಿನ ಹಗ್ಗ ಇಲ್ಲ, ಅಂದರೆ ಬಂಡೆ ಹತ್ತುವಂತಿಲ್ಲ.

ಇದು ಶಿಕ್ಷೆ ಅಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. ಹೋದ ಸಲ ಒಬ್ಬ ಹುಡುಗಿ ಹತ್ತು ಹನ್ನೆರಡು ಅಡಿ ಮೇಲೆ ಹೋಗಿ ಕೆಳಗೆ ನೋಡಿಬಿಟ್ಟಳು. ಹೆದರಿಕೆಗೆ ಉಸಿರು ಬಿಗಿಹಿಡಿದಳು. ತುದಿಗಾಲಲ್ಲಿ ನಿಂತಿದ್ದ ಕಾಲು ಹೊಲಿಗೆ ಮಷೀನಿನ ಹಾಗೆ ಟಕಟಕ ಕುಣಿಯತೊಡಗಿತು. ತರಬೇತುದಾರರು ಕೆಳಗಿನಿಂದ, "ಹಿಮ್ಮಡಿ ಇಳಿಸಮ್ಮ, ಬೆಳಿಗ್ಗೆ ಬಿಟ್ಟ ಹಾಗೆ ಉಸಿರು ಬಿಡು" ಅಂದರು. ನಾಲ್ಕನೇ ಉಸಿರಿಗೆ ಕಾಲು ನಿಂತಿತು. ಬೆಳಿಗ್ಗೆ ಟೆಂಟಿನಲ್ಲಿ ಮಲಗಿದ್ದ ಮಗುವಿಗೆ ಆ ಮಾತು ಹೇಗೆ ಅರ್ಥವಾಗಬೇಕು ಹೇಳಿ?

ಇನ್ನೊಂದು ಕಾರಣವೂ ಇದೆ. ವೃಕ್ಷಾಸನದಲ್ಲಿ ಒಂಟಿ ಕಾಲಲ್ಲಿ ನಿಂತಾಗ ಯಾರಿಗೆ ಮಂಡಿ ನೋವು, ಯಾರಿಗೆ ತಲೆಸುತ್ತು, ಯಾರು ರಾತ್ರಿಯೆಲ್ಲಾ ಹರಟುತ್ತಾ ಕೂತಿದ್ದರು ಅನ್ನುವುದು ನಮಗೆ ಕಂಡುಬಿಡುತ್ತದೆ. ಅದನ್ನು ನೋಡದೆ ಮಗುವನ್ನು ಬಂಡೆಗೆ ಕಳಿಸಲು ನನಗೆ ಧೈರ್ಯವಿಲ್ಲ.

ಓಂಕಾರ, ಶ್ಲೋಕ ಹೇಳಲೇಬೇಕು ಅಂತೇನಿಲ್ಲ. ಸುಮ್ನೆ ಉಸಿರು ಗಮನಿಸುತ್ತಾ ಕೂತರೂ ಸಾಕು. ಉಬ್ಬಸ ಇರುವವರು, ಮುಟ್ಟಾಗಿರುವ ಹೆಣ್ಣುಮಕ್ಕಳು ಕಷ್ಟವೆನಿಸಿದರೆ ಆಸನ ಬಿಡಬಹುದು, ಬಂದು ಕೂತರೆ ಹಾಜರಿ ಇದ್ದ ಹಾಗೇ. ಶೀರ್ಷಾಸನ ಯಾರಿಗೂ ಮಾಡಿಸುವುದಿಲ್ಲ. ಯೋಗ ವಯಸ್ಸಾದವರಿಗೆ ಅಂದ ತಂದೆಯೊಬ್ಬರಿಗೆ ಒಂದು ಮಾತು: 1930ರ ದಶಕದಲ್ಲಿ ನಮ್ಮ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗ ಗುರು ಕೃಷ್ಣಮಾಚಾರ್ಯರ ಹತ್ತಿರ ಕಲಿತವರಲ್ಲಿ ಹುಡುಗರೇ ಜಾಸ್ತಿ. ಮುಂದೆ ಹೆಸರಾಂತ ಯೋಗ ಗುರುವಾದ ಬಿ.ಕೆ.ಎಸ್. ಅಯ್ಯಂಗಾರ್ ಅವರೂ ಹದಿಹರೆಯದಲ್ಲೇ ಅವರ ಬಳಿ ಬಂದದ್ದು.

ಸಂಜೆಯ ಗುಂಪು ಚಟುವಟಿಕೆ ಬಗ್ಗೆ ಯಾರೂ ದೂರಿಲ್ಲ, ಆದರೂ ಒಂದು ಹೇಳಿಬಿಡುತ್ತೇನೆ. ಎಲ್ಲರೂ ಸುತ್ತ ಕೂತಿದ್ದಾಗ ಒಬ್ಬ ಹುಡುಗ, "ಇವತ್ತು ನನ್ನ ಹಗ್ಗ ಹಿಡಿದಿದ್ದು ನನ್ನ ಜೊತೆ ಟೂ ಬಿಟ್ಟವನು" ಅಂದ. ಹತ್ತುವವರು ಬೀಳದ ಹಾಗೆ ಕೆಳಗಿನಿಂದ ಹಗ್ಗ ಹಿಡಿಯುವ ಮಗುವಿನ ಹಿಂದೆ ತರಬೇತುದಾರರೂ ಹಿಡಿದಿರುತ್ತಾರೆ, ಗಾಬರಿ ಬೇಡ. ಅವರಿಬ್ಬರೂ ಈಗ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಗಲಾಟೆಯೂ ಎರಡರಷ್ಟು!

ಐದೂವರೆಗೆ ಏಳುವುದು ಕಷ್ಟ, ನನಗೂ ಗೊತ್ತು. ಹೋದ ಸಲ ಬರೀ ಗಂಟೆ ಬಾರಿಸಿ ಸುಮ್ಮನಾದೆವು. ಈ ಸಲ ಶಿಕ್ಷಕಿಯರು ಟೆಂಟಿಗೇ ಹೋಗಿ ಎಬ್ಬಿಸುತ್ತಾರೆ. ಹತ್ತು ನಿಮಿಷ ತಡವಾದರೂ ಸೇರಿಸಿಕೊಳ್ಳುತ್ತೇವೆ. ಹುಷಾರಿಲ್ಲದಿದ್ದರೆ ಮಲಗಿರಲಿ, ಹೇಗೂ ಆ ದಿನ ಬಂಡೆಯೂ ಬೇಡ. ಆದರೆ ಎಬ್ಬಿಸಿದರೂ ಬರಲೇ ಇಲ್ಲ ಅಂದರೆ, ಹಗ್ಗ ಇಲ್ಲ. ಯಾರ ಮಕ್ಕಳಾದರೂ ಅಷ್ಟೇ. ಹೋದ ಸಲ ಕೆಳಗೆ ಕೂತ ನಾಲ್ವರಲ್ಲಿ ಒಬ್ಬಳು ನಮ್ಮ ಶಿಕ್ಷಕಿಯ ಮಗಳೇ.

ಒಪ್ಪಿಗೆ ಪತ್ರದ ಹಿಂಬದಿಯಲ್ಲಿ ಮಗುವಿನ ಆರೋಗ್ಯದ ವಿವರ ಬರೆದು, ಸಹಿ ಮಾಡಿ ಶನಿವಾರದೊಳಗೆ ಕಳಿಸಿಕೊಡಿ.

ಇಂತಿ,
ಮುಖ್ಯೋಪಾಧ್ಯಾಯಿನಿ